‘ರಿಡಂಡೆನ್ಸಿ’ ಎಂಬ ಕಲ್ಪನೆ: ಜಾಲಯಂತ್ರಗಳ ಜೋಡಿ ವಿದ್ಯುತ್ ಪೂರೈಕೆಯ ಕುರಿತು ಒಂದು ವಿಮರ್ಶೆ

ಯಂತ್ರಶಾಸ್ತ್ರದ ಪದಗಳು ಒಂದು ಭಾಷೆಯಿಂದ ಇನ್ನೊಂದಕ್ಕೆ ಬರುವಾಗ ತಮ್ಮ ಅರ್ಥದ ಒಂದು ಭಾಗವನ್ನು ಹಿಂದೆಯೇ ಬಿಟ್ಟು ಬರುವುದುಂಟು. ‘ರಿಡಂಡೆಂಟ್ ಪವರ್ ಸಪ್ಲೈ’ ಎಂಬ ಪದಪುಂಜವು ಇದಕ್ಕೆ ತಕ್ಕ ನಿದರ್ಶನ. ನಿಘಂಟನ್ನಷ್ಟೇ ನಂಬಿ ಕನ್ನಡಿಸುವವರು ಇದನ್ನು ‘ಅನಗತ್ಯ ವಿದ್ಯುತ್ ಪೂರೈಕೆ’ ಎಂದು ಬರೆದುಬಿಡುತ್ತಾರೆ. ಅನಗತ್ಯವಾದುದಕ್ಕೆ ಸರಕಾರದ ಹಣವನ್ನೇಕೆ ವ್ಯಯಮಾಡಬೇಕೆಂದು ಲೆಕ್ಕಪರಿಶೋಧಕನು ಕೇಳಿದರೆ ಅವನನ್ನು ಆಕ್ಷೇಪಿಸುವಂತಿಲ್ಲ. ಲ್ಯಾಟಿನ್ ಮೂಲದಲ್ಲಿ ಆ ಶಬ್ದಕ್ಕೆ ತುಂಬಿ ಹೊರಚೆಲ್ಲುವುದು ಎಂದರ್ಥ. ಇಂಗ್ಲಿಷಿನಲ್ಲಿ ಅದು ಮಾತಿನ ಅತಿಶಯಕ್ಕೆ ನಿಂದೆಯಾಗಿ ಬಳಕೆಯಾಯಿತು. ಅನಂತರ ಯಂತ್ರಶಾಸ್ತ್ರಜ್ಞರ ಕೈಗೆ ಬಂದು ಪ್ರಶಂಸೆಯ ಪದವಾಯಿತು. ನಮ್ಮ ಅಲಂಕಾರಶಾಸ್ತ್ರದಲ್ಲಿಯೂ ಇಂಥ ಇಬ್ಬಗೆಯಿದೆ. ದಂಡಿಯು ‘ಏಕಾರ್ಥ’ವನ್ನು, ಅಂದರೆ ಹೇಳಿದ್ದನ್ನೇ ಹೇಳುವುದನ್ನು, ಕಾವ್ಯದೋಷಗಳಲ್ಲಿ ಎಣಿಸಿದನು, ಆದರೆ ಅನುಕಂಪೆ ಮೊದಲಾದ ಭಾವಗಳ ಒತ್ತಿಗಾಗಿ ಬಂದ ಪುನರುಕ್ತಿಯನ್ನು ದೋಷವೆನ್ನದೆ ಬಿಟ್ಟನು. ಪ್ರಯೋಜನವಿದ್ದಲ್ಲಿ ಎರಡನೆಯ ಸಲ ಹೇಳಿದ್ದು ದೋಷವಲ್ಲ. ಹಾಗಾದರೆ ಪ್ರಯೋಜನವಿದೆಯೋ ಇಲ್ಲವೋ ಎಂಬುದನ್ನು ನಿರ್ಣಯಿಸುವ ಬಗೆ ಯಾವುದು? ಪ್ರಸ್ತುತ ಲೇಖನದ ವಿಷಯವು ಈ ಪ್ರಶ್ನೆಯೇ ಆಗಿದೆ; ಅದನ್ನು ಕಾವ್ಯಕ್ಕೆ ಬದಲಾಗಿ ಒಂದು ಲೋಹದ ಪೆಟ್ಟಿಗೆಗೆ ಅನ್ವಯಿಸಿ ಕೇಳಲಾಗಿದೆ.

ಇತಿಹಾಸದ ಅಧ್ಯಾಪಕನಿಗೆ ಈ ವಿಷಯದಲ್ಲಿ ಅಧಿಕಾರವೆಲ್ಲಿಯದು ಎಂದು ವಾಚಕರು ಕೇಳುವುದು ಸಹಜ. ಉತ್ತರ ಸರಳವಾಗಿದೆ. ಇಂದು ಒಂದು ಹಳ್ಳಿಯ ಜನನ ಮರಣಗಳು, ಹೊಲದ ಹಕ್ಕು, ಪಡಿತರದ ಪಾಲು, ಉದ್ಯೋಗ ಖಾತರಿಯ ಕೂಲಿ, ಇವೆಲ್ಲ ದಾಖಲೆಗಳಾಗುವುದು ಇಂಥ ಪೆಟ್ಟಿಗೆಗಳ ಮೂಲಕ. ನಾಳೆಯ ಇತಿಹಾಸಕಾರನಿಗೆ ದೊರೆಯಬೇಕಾದ ಆಕರಗಳು ಹಾಯ್ದುಹೋಗುವ ದಾರಿ ಇದು. ಆಕರಗಳ ಪಾಲನೆಯು ನಮ್ಮ ಶಾಸ್ತ್ರದ ಹೊರಗಿನ ಮಾತಾಗಲಾರದು.

ಮೊದಲು ವಸ್ತುಸ್ಥಿತಿಯನ್ನು ನಿರೂಪಿಸುವುದು ಅವಶ್ಯ. ದೊಡ್ಡ ಜಾಲಗಳಲ್ಲಿ ಬಳಸುವ ಸ್ವಿಚ್ಚು, ರೂಟರು ಮುಂತಾದ ಯಂತ್ರಗಳನ್ನು ಬಿಡಿಬಿಡಿ ಅಂಗಗಳಿಂದ ಜೋಡಿಸಿರುತ್ತಾರೆ. ‘ಚಾಸಿಸ್’ ಎಂಬ ಲೋಹದ ಚೌಕಟ್ಟು ಇರುತ್ತದೆ. ಅದರ ಖಾನೆಗಳಲ್ಲಿ ತಂತುಗಳನ್ನು ಜೋಡಿಸುವ ಕಾರ್ಡುಗಳು, ಎಲ್ಲವನ್ನೂ ಆಳುವ ನಿಯಂತ್ರಕ ಕಾರ್ಡು, ಗಾಳಿಯಾಡಿಸುವ ಫ್ಯಾನುಗಳು, ಹಾಗೂ ಹೊರಗಿನ ವಿದ್ಯುತ್ತನ್ನು ಒಳಗೆ ಬೇಕಾದ ಪ್ರಮಾಣಕ್ಕೆ ಮಾರ್ಪಡಿಸುವ ಪವರ್ ಸಪ್ಲೈ ಘಟಕಗಳು ಕುಳಿತಿರುತ್ತವೆ. ಈ ಘಟಕಗಳು ಸಾಮಾನ್ಯವಾಗಿ ಎರಡಿರುತ್ತವೆ, ಕೆಲವೊಮ್ಮೆ ನಾಲ್ಕು ಅಥವಾ ಹೆಚ್ಚು. ಯಂತ್ರವನ್ನು ನಿಲ್ಲಿಸದೆಯೇ ಒಂದನ್ನು ಕಿತ್ತು ಮತ್ತೊಂದನ್ನು ಕೂರಿಸಬಹುದು. ಎರಡೂ ಒಟ್ಟಿಗೆ ದುಡಿದು ಭಾರವನ್ನು ಹಂಚಿಕೊಳ್ಳುತ್ತವೆ. ಒಂದು ಕೆಟ್ಟರೆ ಉಳಿದುದು ಪೂರ್ಣಭಾರವನ್ನು ಹೊರುತ್ತದೆ ಎಂಬುದು ನಿರ್ಮಾಪಕರ ವಾಗ್ದಾನ.

ನಮ್ಮ ಭಾಗದ ಕಚೇರಿಗನ್ನಡದಲ್ಲಿ ‘ಎವಜಿ’ ಎಂಬ ಹಳೆಯ ಮಾತಿದೆ. ಒಬ್ಬನು ರಜೆಯ ಮೇಲೆ ಹೋದಾಗ ಅವನ ಸ್ಥಾನದಲ್ಲಿ ನಿಲ್ಲುವವನು ಎವಜಿ. ಈ ಪದವನ್ನು ಇಲ್ಲಿ ಬಳಸಬಹುದೆಂದು ಮೊದಲಿಗೆ ತೋರುತ್ತದೆ; ಆದರೆ ಎವಜಿಯು ಮೂಲದವನು ಎದ್ದ ಮೇಲೆ ಬಂದು ಕೂಡುವವನು, ಇಲ್ಲಿಯ ಘಟಕಗಳಾದರೋ ಮೊದಲಿನಿಂದಲೂ ಕೂಡಿಯೇ ಎಳೆಯುತ್ತವೆ. ಆದುದರಿಂದ ‘ಜೋಡಿ’ ಎಂಬ ಮಾತೇ ಹೆಚ್ಚು ಯುಕ್ತ. ನೊಗಕ್ಕೆ ಕಟ್ಟಿದ ಜೋಡೆತ್ತುಗಳನ್ನು ನೆನೆದರೆ ವಿಷಯ ಸ್ಪಷ್ಟವಾಗುತ್ತದೆ. ಒಂದು ಎತ್ತು ಕುಸಿದರೆ ಇನ್ನೊಂದು ಬಂಡಿಯನ್ನು ಎಳೆದೀತೇ ಎಂಬುದು ಎತ್ತಿನ ಬಲವನ್ನಷ್ಟೇ ಅವಲಂಬಿಸಿಲ್ಲ. ಬಂಡಿಯಲ್ಲಿ ಎಷ್ಟು ಹೇರಿದ್ದೇವೆಂಬುದರ ಮೇಲೂ ಅವಲಂಬಿಸಿದೆ.

ಈ ಹೇರಿನ ಪ್ರಶ್ನೆಯನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಇಂಥ ಯಂತ್ರಗಳ ನಿಯಂತ್ರಕವು ವಿದ್ಯುತ್ತಿನ ಆಯವ್ಯಯವನ್ನು ಇಟ್ಟಿರುತ್ತದೆ. ಹೊಸ ಕಾರ್ಡು ಒಳಗೆ ಬಂದಾಗ ಅದರ ಗರಿಷ್ಠ ಬೇಡಿಕೆ ಎಷ್ಟೆಂದು ತಿಳಿದು, ಬೊಕ್ಕಸದಲ್ಲಿ ಅಷ್ಟು ಉಳಿದಿದ್ದರೆ ಮಾತ್ರ ಅದಕ್ಕೆ ವಿದ್ಯುತ್ತನ್ನು ಬಿಡುತ್ತದೆ. ಬೊಕ್ಕಸದ ಲೆಕ್ಕವನ್ನು ಎರಡು ಬಗೆಯಾಗಿ ಹಿಡಿಯಬಹುದು. ಜೋಡಿಯ ರಕ್ಷಣೆ ಬೇಕೆಂದರೆ ಎರಡರಲ್ಲಿ ಒಂದು ಘಟಕದ ಸಾಮರ್ಥ್ಯವನ್ನಷ್ಟೇ ಖರ್ಚಿಗೆ ಯೋಗ್ಯವೆಂದು ಎಣಿಸಬೇಕು. ಹೆಚ್ಚು ಕಾರ್ಡುಗಳು ಬೇಕೆಂದರೆ ಎರಡರ ಮೊತ್ತವನ್ನೂ ಎಣಿಸಬಹುದು. ಈ ಎರಡನೆಯದಕ್ಕೆ ‘ಕೂಡಿಕೆಯ ಕ್ರಮ’ ಎನ್ನೋಣ. ಒಂದು ಕ್ರಮದಿಂದ ಮತ್ತೊಂದಕ್ಕೆ ಹೋಗಲು ಒಂದು ಸಾಲಿನ ಆಜ್ಞೆ ಸಾಕು.

ಉದಾಹರಣೆಗೆ, ೧೦೦೦ ವ್ಯಾಟಿನ ಎರಡು ಘಟಕಗಳಿರುವ ಯಂತ್ರವೊಂದನ್ನು ಊಹಿಸಿಕೊಳ್ಳೋಣ. ಕೊಂಡ ವರ್ಷ ಅದರ ಕಾರ್ಡುಗಳು ಬೇಡುವುದು ೬೦೦ ವ್ಯಾಟು. ಪ್ರತಿಯೊಂದು ಘಟಕದ ಮೇಲೆ ೩೦೦ರ ಭಾರ. ಒಂದು ಸತ್ತರೂ ಮತ್ತೊಂದಕ್ಕೆ ಆಯಾಸವಿಲ್ಲ. ಮರುವರ್ಷ ಒಂದು ಕಾರ್ಡು ಸೇರಿತು, ಮುಂದಿನ ವರ್ಷ ಮತ್ತೊಂದು. ಬೇಡಿಕೆ ೧೦೦೦ವನ್ನು ಮೀರುವ ದಿನ ನಿಯಂತ್ರಕವು ಹೊಸ ಕಾರ್ಡನ್ನು ಒಲ್ಲೆನೆನ್ನುತ್ತದೆ. ಕೆಲಸ ನಿಂತಿದೆ, ಮೇಲಧಿಕಾರಿ ಕಾಯುತ್ತಿದ್ದಾನೆ. ತಂತ್ರಜ್ಞನು ಆ ಒಂದು ಸಾಲಿನ ಆಜ್ಞೆಯನ್ನು ಕೊಟ್ಟು ಕೂಡಿಕೆಯ ಕ್ರಮಕ್ಕೆ ಹೊರಳಿಸುತ್ತಾನೆ. ಕಾರ್ಡು ಎಚ್ಚತ್ತುಕೊಳ್ಳುತ್ತದೆ, ಎಲ್ಲರೂ ಮನೆಗೆ ಹೋಗುತ್ತಾರೆ. ಈಗ ಒಟ್ಟು ಬೇಡಿಕೆ ೧೩೦೦ ವ್ಯಾಟೆಂದರೆ ಒಂದೊಂದರ ಮೇಲೆ ೬೫೦. ಎರಡೂ ನಿರಾಯಾಸವಾಗಿ ನಡೆಯುತ್ತಿವೆ, ಎರಡರ ದೀಪವೂ ಹಸಿರು. ಒಂದು ಸತ್ತ ಕ್ಷಣ ೧೦೦೦ದ ಘಟಕದ ಮೇಲೆ ೧೩೦೦ರ ಭಾರ ಬೀಳುತ್ತದೆ. ಆಗ ಅದೂ ಕಳಚಿಕೊಳ್ಳುತ್ತದೆ, ಇಲ್ಲವೇ ನಿಯಂತ್ರಕವು ಕೆಲವು ಕಾರ್ಡುಗಳನ್ನು ಆರಿಸುತ್ತದೆ. ಯಾವುದನ್ನು ಮೊದಲು ಆರಿಸಬೇಕೆಂಬುದಕ್ಕೆ ಆದ್ಯತೆಯ ಪಟ್ಟಿಯನ್ನು ಕೊಡಲು ಕೆಲವು ಯಂತ್ರಗಳಲ್ಲಿ ಅವಕಾಶವಿದೆ. ಕೆಲವು ಖಾನೆಯ ಸಂಖ್ಯೆಯನ್ನೇ ಅನುಸರಿಸುತ್ತವೆ. ಯಾವ ಊರು ಯಾವ ಖಾನೆಯಲ್ಲಿದೆ ಎಂಬುದು ಅಂದು ಊರಿನ ಹಣೆಬರಹವಾಗುತ್ತದೆ.

ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಕೊಳ್ಳುವಾಗ ಜೋಡಿಯಾಗಿದ್ದುದು ಯಾವ ಘಟಕವೂ ಕೆಡದೆ, ಯಾರೂ ಏನನ್ನೂ ಕಿತ್ತುಹಾಕದೆ, ಬರಿಯ ಬೆಳವಣಿಗೆಯಿಂದಲೇ ಜೋಡಿಯಾಗಿ ಉಳಿಯದೆ ಹೋಯಿತು. ಖರೀದಿಯ ಕಡತದಲ್ಲಿ ಅದು ಇಂದಿಗೂ ಜೋಡಿಯೇ. ಇಂಥ ಸ್ಥಿತ್ಯಂತರ ಇತಿಹಾಸದ ವಿದ್ಯಾರ್ಥಿಗೆ ಚಿರಪರಿಚಿತ. ಶಾಸನದಲ್ಲಿ ದತ್ತಿ ಉಳಿದಿರುತ್ತದೆ, ಹೊಲ ಬೇರೆಯವರ ಕೈಸೇರಿರುತ್ತದೆ. ನಿರ್ಮಾಪಕರ ಕೈಪಿಡಿಗಳನ್ನು ಓದಿದರೆ ಈ ಎರಡು ಕ್ರಮಗಳ ಭೇದವನ್ನು ಅವು ಸ್ಪಷ್ಟವಾಗಿಯೇ ಹೇಳುತ್ತವೆ. ಆ ಮಟ್ಟಿಗೆ ಅವುಗಳನ್ನು ದೂರಲಾಗದು. ಆಕ್ಷೇಪಣೆಯಿರುವುದು ಅವು ಇದನ್ನು ಒಂದು ಆಯ್ಕೆಯೆಂಬಂತೆ ವರ್ಣಿಸುವ ರೀತಿಗೆ. ಆಯ್ಕೆ ಎಂದರೆ ಯಾರೋ ಒಬ್ಬನು ಒಂದು ದಿನ ಕುಳಿತು ತೂಗಿ ನೋಡಿ ಮಾಡಿದ್ದು. ಮೇಲಿನ ಉದಾಹರಣೆಯಲ್ಲಿ ಹಾಗೆ ತೂಗಿದವರು ಯಾರೂ ಇಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರಬಹುದು. ಹೇರನ್ನು ಹದವಾಗಿಯೇ ಇಟ್ಟೆವೆನ್ನೋಣ. ಆಗ ಎರಡು ಘಟಕಗಳು ನಿಜಕ್ಕೂ ಎರಡೇ?

ಜಾಂಬೋಟಿಯ ಪಶ್ಚಿಮಕ್ಕಿರುವ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಪೂರ್ವಕ್ಕೆ ಹರಿದು ಪಟ್ಟದಕಲ್ಲಿನಲ್ಲಿ ಚಾಲುಕ್ಯರ ದೇವಾಲಯಗಳ ಪಕ್ಕದಲ್ಲಿ ಸಾಗುತ್ತದೆ. ಅಲ್ಲಿ ಇಮ್ಮಡಿ ಕೀರ್ತಿವರ್ಮನ ಕಾಲದ, ೭೫೪ರ ಸುಮಾರಿನ ಒಂದು ಸ್ತಂಭಶಾಸನವಿದೆ. ಅದರಲ್ಲಿ ಒಂದೇ ಸಂಸ್ಕೃತ ಪಾಠವನ್ನು ಎರಡು ಲಿಪಿಗಳಲ್ಲಿ, ಈ ನಾಡಿನ ಕನ್ನಡ ಲಿಪಿಯಲ್ಲಿಯೂ ಉತ್ತರದ ಲಿಪಿಯಲ್ಲಿಯೂ, ಕೆತ್ತಿದ್ದಾರೆ. ಪಾಠ ಎರಡು ಸಲ ಇದೆ ಎಂಬುದರಿಂದ ಲಾಭವಿಲ್ಲದಿಲ್ಲ. ಒಂದು ಮುಖದಲ್ಲಿ ಅಕ್ಷರ ಸವೆದಿದ್ದರೆ ಇನ್ನೊಂದರಿಂದ ತುಂಬಿಕೊಳ್ಳಬಹುದು. ಒಂದು ಲಿಪಿಯನ್ನರಿಯದವನು ಇನ್ನೊಂದನ್ನು ಓದಿಕೊಳ್ಳಬಹುದು. ಆದರೆ ಶಾಸನಕವಿಯು ವಂಶಾವಳಿಯಲ್ಲಿ ಒಂದು ಹೆಸರನ್ನು ತಪ್ಪಾಗಿ ಹೇಳಿದ್ದರೆ ಎರಡೂ ಪಾಠಗಳು ಒಂದೇ ತಪ್ಪನ್ನು ಹೇಳುತ್ತವೆ. ಸಿಡಿಲು ಬಡಿದು ಕಂಬ ಉರುಳಿದರೆ ಎರಡೂ ಒಟ್ಟಿಗೆ ಉರುಳುತ್ತವೆ. ಲಿಪಿ ಎರಡು, ಕಲ್ಲು ಒಂದು, ಕವಿ ಒಬ್ಬ. ಆದಕಾರಣ ಇದನ್ನು ಎರಡು ಸಾಕ್ಷ್ಯಗಳೆಂದು ಯಾವ ಇತಿಹಾಸಕಾರನೂ ಎಣಿಸುವುದಿಲ್ಲ.

ಹಸ್ತಪ್ರತಿಶಾಸ್ತ್ರದಲ್ಲಿ ಈ ನಿಯಮ ಇನ್ನೂ ಕಟ್ಟುನಿಟ್ಟು. ಒಂದು ಕಾವ್ಯದ ಹತ್ತು ಓಲೆಪ್ರತಿಗಳು ದೊರೆತರೂ ಒಂಬತ್ತು ಪ್ರತಿಗಳು ಹತ್ತನೆಯದನ್ನು ನೋಡಿ ಬರೆದವೆಂದು ಸಿದ್ಧಪಟ್ಟರೆ, ಸಂಪಾದಕನ ಮುಂದಿರುವ ಸಾಕ್ಷಿ ಒಂದೇ. ೧೯೬೪ರಲ್ಲಿ ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ ಪ್ರಕಟವಾದಂದಿನಿಂದ ಪ್ರತಿಗಳ ಪೀಳಿಗೆಯನ್ನು ಶೋಧಿಸುವ ಈ ಶಿಸ್ತು ಕನ್ನಡ ವಿದ್ಯಾರ್ಥಿಗಳಿಗೆ ಕನ್ನಡದಲ್ಲಿಯೇ ದೊರೆತಿದೆ. ಪ್ರತಿಗಳನ್ನು ಎಣಿಸುವ ಮೊದಲು ಅವುಗಳ ಹುಟ್ಟನ್ನು ವಿಚಾರಿಸಬೇಕು ಎಂಬುದು ಅದರ ತಿರುಳು. ಪವರ್ ಸಪ್ಲೈ ಘಟಕಗಳಿಗೂ ಇದೇ ವಿಚಾರಣೆ ಸಲ್ಲಬೇಕೆಂಬುದು ನಮ್ಮ ವಾದ. ಘಟಕ ಎರಡಾದರೆ ಸಾಲದು. ಅವುಗಳ ತಂತಿ ಎಲ್ಲಿಂದ ಬಂತು, ಆ ಮೂಲ ಎಲ್ಲಿಂದ ಬಂತು, ಅದರ ಮೂಲ ಯಾವುದು ಎಂದು ಹಿಂದಕ್ಕೆ ಹಿಂದಕ್ಕೆ ಹೋಗಿ, ಎರಡು ಧಾರೆಗಳು ಎಲ್ಲಿ ಕೂಡುತ್ತವೆಯೋ ಅಲ್ಲಿ ಗುರುತು ಹಾಕಬೇಕು.

ಖಾನಾಪುರ ತಾಲೂಕಿನ ಒಂದು ಸಂಸ್ಥೆಯಲ್ಲಿ ಪ್ರಸ್ತುತ ಲೇಖಕನಿಗೆ ಇಂಥ ಯಂತ್ರವನ್ನು ಹಿಂದಿನ ಬದಿಯಿಂದ ನೋಡುವ ಅವಕಾಶ ಒದಗಿತು. ಸಂಸ್ಥೆಯ ಹೆಸರು ಇಲ್ಲಿ ಅನಾವಶ್ಯಕ. ಎರಡು ಘಟಕಗಳಿಂದ ಎರಡು ದಪ್ಪನೆಯ ತಂತಿಗಳು ಹೊರಟು, ಒಂದೇ ಎಕ್ಸ್‌ಟೆನ್ಶನ್ ಬೋರ್ಡಿನ ಅಕ್ಕಪಕ್ಕದ ಎರಡು ತೂತುಗಳಲ್ಲಿ ಸೇರಿದ್ದವು. ಬೋರ್ಡು ಒಂದು ಯುಪಿಎಸ್ಸಿಗೆ, ಅದು ಗೋಡೆಯ ಒಂದು ಪ್ಲಗ್ಗಿಗೆ. ಇದೇಕೆ ಹೀಗೆಂದು ವಿಚಾರಿಸಿದಾಗ ಅಲ್ಲಿಯ ಸಹಾಯಕನು, ‘ಎರಡೂ ದೀಪ ಹಸರ ಅದಾವಲ್ರಿ ಸರ, ಮತ್ತೇನ ಬೇಕು?’ ಎಂದನು. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ತನಗೆ ವಿದ್ಯುತ್ತು ಬರುತ್ತಿದೆ ಎಂಬುದಷ್ಟನ್ನೇ ಆ ದೀಪ ಹೇಳಬಲ್ಲದು. ನೆರೆಯ ಘಟಕಕ್ಕೆ ಬರುವ ವಿದ್ಯುತ್ತೂ ಅದೇ ತೊರೆಯದೆಂದು ಹೇಳುವ ದೀಪವನ್ನು ಇದುವರೆಗೆ ಯಾರೂ ಮಾಡಿದಂತಿಲ್ಲ. ಟೆಂಡರಿನ ಕರಾರುಗಳಲ್ಲಿ ‘ಎರಡು ರಿಡಂಡೆಂಟ್ ಪವರ್ ಸಪ್ಲೈಗಳಿರತಕ್ಕದ್ದು’ ಎಂಬ ವಾಕ್ಯ ಸಾಮಾನ್ಯ. ಆ ವಾಕ್ಯ ಪೆಟ್ಟಿಗೆಯ ಹಿಂಬದಿಗೆ ಬಂದು ನಿಂತುಬಿಡುತ್ತದೆ, ಗೋಡೆಯವರೆಗೂ ಹೋಗುವುದಿಲ್ಲ. ಅಂಥ ಕರಾರನ್ನು ಒಡ್ಡುವವರು ಘಟಕವನ್ನು ಕೊಂಡಿದ್ದಾರೆ, ಅದರ ಫಲವನ್ನು ಕೊಂಡಿಲ್ಲ.

ಗಣಿತದ ದೃಷ್ಟಿಯಿಂದಲೂ ಇದನ್ನು ಪರಿಶೀಲಿಸಬಹುದು. ಒಂದು ಘಟಕವು ನೂರರಲ್ಲಿ ಒಂದು ಪಾಲು ಕಾಲ ಸೇವೆಗೆ ದೊರೆಯದೆನ್ನೋಣ. ಎರಡೂ ಪರಸ್ಪರ ಸ್ವತಂತ್ರವಾಗಿದ್ದರೆ ಏಕಕಾಲಕ್ಕೆ ಎರಡೂ ಇಲ್ಲವಾಗುವ ಸಂಭವ ಹತ್ತು ಸಾವಿರದಲ್ಲಿ ಒಂದು. ಆದರೆ ಹತ್ತು ವೈಫಲ್ಯಗಳಲ್ಲಿ ಒಂದೇ ಒಂದು ಎರಡಕ್ಕೂ ಸಮಾನವಾದ ಕಾರಣದಿಂದ ಬರುವುದಾದರೂ ಆ ಸಂಭವ ಸುಮಾರು ಸಾವಿರದಲ್ಲಿ ಒಂದಕ್ಕೆ ಏರುತ್ತದೆ. ಹತ್ತನೆಯ ಒಂದು ಪಾಲು ಸಮಾನ ಕಾರಣದಿಂದ ರಕ್ಷಣೆಯ ಹತ್ತರಲ್ಲಿ ಒಂಬತ್ತು ಪಾಲು ಹೋಯಿತು! ಇನ್ನು ಮೂರನೆಯ ಘಟಕವನ್ನು ಅದೇ ಬೋರ್ಡಿಗೆ ಸಿಕ್ಕಿಸಿದರೆ ಆಗುವ ಲಾಭ ಎಷ್ಟೆಂಬುದನ್ನು ವಾಚಕರೇ ಊಹಿಸಬಹುದು.

ಜಾಂಬೋಟಿಯನ್ನು ಈಗ ನಕಾಶೆಯ ಮೇಲೆ ಇಟ್ಟು ನೋಡೋಣ. ಗ್ರಾಮ ಪಂಚಾಯತಿಗಳಿಗೆ ದ್ಯುತಿತಂತುವನ್ನು ಒಯ್ಯುವ ರಾಷ್ಟ್ರೀಯ ಯೋಜನೆಗೆ ಕೇಂದ್ರ ಸಚಿವ ಸಂಪುಟವು ಅಕ್ಟೋಬರ್ ೨೦೧೧ರಲ್ಲಿ ಒಪ್ಪಿಗೆ ಕೊಟ್ಟಿತು. ೨೦೧೫ರಲ್ಲಿ ಅದಕ್ಕೆ ‘ಭಾರತ್‌ನೆಟ್’ ಎಂಬ ಹೆಸರು ಬಂದಿತು. ಮೊದಲ ಹಂತದ ವಿನ್ಯಾಸದಲ್ಲಿ ಸಾಮಾನ್ಯವಾಗಿ ತಾಲೂಕು ಮಟ್ಟದ ದೂರವಾಣಿ ಕೇಂದ್ರದಲ್ಲಿ ಒಂದು ಬಿಡಿಯಂಗಗಳ ಯಂತ್ರ, ಪಂಚಾಯತಿಯಲ್ಲಿ ತುದಿಯ ಒಂದು ಸಣ್ಣ ಪೆಟ್ಟಿಗೆ. ನಡುವೆ ತಂತುವನ್ನು ಕವಲೊಡೆಸುವ ಅಂಗಕ್ಕೆ ವಿದ್ಯುತ್ತೇ ಬೇಡ. ಈ ವಿನ್ಯಾಸದ ಒಂದು ಜಾಣತನವಿದು, ಮೆಚ್ಚತಕ್ಕದ್ದು. ಆದರೆ ಎರಡು ತುದಿಗಳಲ್ಲಿ ವಿದ್ಯುತ್ತಿಲ್ಲದೆ ಏನೂ ನಡೆಯದು. ತಾಲೂಕಿನ ತುದಿಯಲ್ಲಿ ಎರಡು ಘಟಕಗಳು, ೪೮ ವೋಲ್ಟಿನ ಬ್ಯಾಟರಿಗಳ ಸಾಲು, ಅದರ ಹಿಂದೆ ಡೀಸೆಲ್ ಜನರೇಟರು: ದೂರವಾಣಿ ಕೇಂದ್ರಗಳ ಈ ಪದ್ಧತಿ ತಲೆಮಾರುಗಳಿಂದ ಬಂದದ್ದು. ಹಳ್ಳಿಯ ತುದಿಯಲ್ಲಿ ಒಂದೇ ಪೆಟ್ಟಿಗೆ. ನಡುವಿನ ತಂತು ಬಹುಮಟ್ಟಿಗೆ ಒಂದೇ ಎಳೆಯಾಗಿ ಸಾಗಿದ ಸರಳರೇಖೆ.

ಈ ಪ್ರದೇಶದ ಮಳೆಗಾಲವನ್ನು ಬಲ್ಲವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಜೂನಿನಿಂದ ಸಪ್ಟೆಂಬರಿನವರೆಗೆ ಸಹ್ಯಾದ್ರಿಯ ಈ ಮೈಯಲ್ಲಿ ಗಾಳಿಮಳೆಗೆ ಮರಗಳು ಉರುಳುತ್ತವೆ. ಕಾಡಿನ ನಡುವಣ ವಿದ್ಯುತ್ ಮಾರ್ಗದ ಮೇಲೆ ಬಿದ್ದ ಒಂದು ಕೊಂಬೆ ಹಲವು ಊರುಗಳನ್ನು ಕತ್ತಲೆಗೆ ನೂಕುತ್ತದೆ. ಮೋಡ ಕವಿದ ಆ ದಿನಗಳಲ್ಲಿ ಸೌರಫಲಕವನ್ನು ನೆಚ್ಚಿಕೊಳ್ಳುವುದೂ ಕಷ್ಟ. ಕೊಂಬೆ ಮುರಿಯುವ ಕಾಲವೂ ಬಿಸಿಲಿಲ್ಲದ ಕಾಲವೂ ಒಂದೇ ಆದುದರಿಂದ, ಈ ಎರಡು ಮೂಲಗಳು ಬಯಲುಸೀಮೆಯಲ್ಲಿ ಎಷ್ಟು ಸ್ವತಂತ್ರವೋ ಇಲ್ಲಿ ಅಷ್ಟು ಸ್ವತಂತ್ರವಲ್ಲ. ಜನರೇಟರಿಗೆ ಬೇಕಾದ ಡೀಸೆಲ್ಲು ಬರುವುದೂ ಅದೇ ಮರ ಅಡ್ಡಬಿದ್ದ ರಸ್ತೆಯಲ್ಲಿಯೇ. ದೆಹಲಿಯಲ್ಲಿ ಕುಳಿತು ಬರೆದ ವಿನ್ಯಾಸದಲ್ಲಿ ವಿದ್ಯುತ್ತು, ಸೂರ್ಯ, ಡೀಸೆಲ್ಲು ಎಂದು ಮೂರು ಸಾಲುಗಳಿರಬಹುದು. ಆಷಾಢದ ಜಾಂಬೋಟಿಯಲ್ಲಿ ಆ ಮೂರಕ್ಕೂ ಒಂದೇ ಶತ್ರು.

ಸಮಾನಕಾರಣದ ಅಪಾಯ ಬಡ ಹಳ್ಳಿಗಳಿಗೆ ಮೀಸಲಾದುದೆಂದು ಯಾರೂ ಭಾವಿಸಬಾರದು. ೧೧ ಮಾರ್ಚ್ ೨೦೧೧ರಂದು ಜಪಾನಿನ ಫುಕುಶಿಮಾ ದಾಯಿಚಿ ಅಣುವಿದ್ಯುತ್ ಕೇಂದ್ರದಲ್ಲಿ ಸಮುದ್ರದ ಅಲೆ ನುಗ್ಗಿದಾಗ ತುರ್ತು ಜನರೇಟರುಗಳು ೧೩ ಇದ್ದವು. ಕೊನೆಗೆ ಉಪಯೋಗಕ್ಕೆ ಉಳಿದದ್ದು ೧, ಆರನೆಯ ಸ್ಥಾವರದ ಗಾಳಿಯಿಂದ ತಂಪಾಗುವ ಜನರೇಟರು. ಎತ್ತರದ ನೆಲೆಯೂ ಸಮುದ್ರದ ನೀರಿನ ಹಂಗಿಲ್ಲದ ತಂಪೂ ಅದನ್ನು ಉಳಿಸಿದವು. ಹದಿಮೂರರ ಸಂಖ್ಯಾಬಲಕ್ಕಿಂತ ಒಂದರ ಭಿನ್ನತೆ ಹೆಚ್ಚು ಬಾಳಿತು.

ಜೋಡಿಯ ಇನ್ನೊಂದು ಗುಣವನ್ನು ವಿಮರ್ಶಿಸದೆ ಬಿಡುವಂತಿಲ್ಲ. ಅದು ಮೊದಲ ವೈಫಲ್ಯವನ್ನು ಮರೆಮಾಡುತ್ತದೆ. ಒಂಟಿ ಘಟಕ ಸತ್ತರೆ ಊರಿಗೆಲ್ಲ ಗೊತ್ತಾಗುತ್ತದೆ. ಜೋಡಿಯಲ್ಲಿ ಒಂದು ಸತ್ತರೆ ಸೇವೆ ನಡೆಯುತ್ತಲೇ ಇರುತ್ತದೆ, ಆದುದರಿಂದ ಯಾರೂ ಬಂದು ಕೇಳುವುದಿಲ್ಲ. ಕೆಟ್ಟ ಘಟಕವು ಸಮಾನ ವಾಹಕವನ್ನು ಕೆಳಗೆಳೆಯದಂತೆ ತಡೆಯಲು ಪ್ರತಿಯೊಂದಕ್ಕೂ ಏಕಮುಖವಾಗಿ ವಿದ್ಯುತ್ತನ್ನು ಬಿಡುವ ಡಯೋಡಿನಂಥ ಕಾವಲು ಇರುತ್ತದೆ. ಆ ಕಾವಲೇ ಒಳಗೊಳಗೆ ಕೆಟ್ಟಿದ್ದರೂ, ಸಾಮಾನ್ಯ ದಿನಗಳಲ್ಲಿ ಯಂತ್ರ ನಡೆಯುತ್ತಲೇ ಇರುತ್ತದೆ. ಅದರ ದೋಷ ಹೊರಬೀಳುವುದು ಅದು ಬೇಕಾದ ದಿನವೇ.

ಇದಕ್ಕೆ ನ್ಯೂಯಾರ್ಕಿನ ಒಂದು ಪ್ರಕರಣ ಪ್ರಸಿದ್ಧವಾಗಿದೆ. ೧೭ ಸಪ್ಟೆಂಬರ್ ೧೯೯೧ರಂದು ಅಲ್ಲಿಯ ಥಾಮಸ್ ಸ್ಟ್ರೀಟಿನ ಎಟಿ ಅಂಡ್ ಟಿ ದೂರವಾಣಿ ಕೇಂದ್ರವು ನಗರದ ವಿದ್ಯುತ್ ಕಂಪನಿಯೊಡನೆ ಮಾಡಿಕೊಂಡಿದ್ದ ಒಪ್ಪಂದದಂತೆ ತನ್ನ ಸ್ವಂತ ಜನರೇಟರುಗಳಿಗೆ ಹೊರಳಿತು. ಹೊರಳುವಾಗ ಬ್ಯಾಟರಿಗಳಿಗೆ ವಿದ್ಯುತ್ತನ್ನು ತುಂಬುವ ರೆಕ್ಟಿಫಯರುಗಳು ಕಳಚಿಕೊಂಡವು. ಬ್ಯಾಟರಿಗಳು ತಮ್ಮ ಕರ್ತವ್ಯವನ್ನು ನಿಷ್ಠೆಯಿಂದ ನಿರ್ವಹಿಸಿ ಸುಮಾರು ಆರು ಗಂಟೆಗಳ ಕಾಲ ಕೇಂದ್ರವನ್ನು ನಡೆಸಿದವು. ಆ ಆರು ಗಂಟೆಗಳಲ್ಲಿ ಎಚ್ಚರಿಕೆಯ ಸೂಚನೆಗಳನ್ನು ಯಾರೂ ಗಮನಿಸಲಿಲ್ಲ. ಗಮನಿಸಬೇಕಾಗಿದ್ದ ಸಿಬ್ಬಂದಿ ಅಂದು ಹೊಸ ಎಚ್ಚರಿಕೆ ವ್ಯವಸ್ಥೆಯ ಬಗೆಗೇ ತರಬೇತಿ ಪಡೆಯಲು ಹೋಗಿದ್ದರು. ಬ್ಯಾಟರಿ ಬರಿದಾದ ಮೇಲೆ ಸುಮಾರು ೫೦ ಲಕ್ಷ ಕರೆಗಳು ನಿಂತವು, ನಗರದ ಮೂರು ದೊಡ್ಡ ವಿಮಾನ ನಿಲ್ದಾಣಗಳ ಸಂಚಾರ ಅಸ್ತವ್ಯಸ್ತವಾಯಿತು. ಇಲ್ಲಿ ಯಾವುದರ ಕೊರತೆಯಿತ್ತು? ವಿದ್ಯುತ್ತಿನ ಮೂಲಗಳು ಮೂರಿದ್ದವು. ಆರು ಗಂಟೆಗಳ ಅವಧಿಯೂ ಇತ್ತು. ಆ ಅವಧಿಯಲ್ಲಿ ನೋಡುವ ಒಬ್ಬ ಮನುಷ್ಯ ಇರಲಿಲ್ಲ. ಬ್ಯಾಟರಿಯು ಕೊಡುವುದು ಕಾಲಾವಕಾಶವನ್ನು ಮಾತ್ರ; ಆ ಕಾಲವನ್ನು ಬಳಸುವವನು ನಿಯತನಾಗಿಲ್ಲದಿದ್ದರೆ ಅದು ಅನಾಹುತವನ್ನು ಮುಂದೂಡಿ ದೊಡ್ಡದು ಮಾಡಿ ಒಪ್ಪಿಸುತ್ತದೆ.

ಅಮೆರಿಕೆಯ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಪೆರೋ ೧೯೮೪ರ ತನ್ನ ‘ನಾರ್ಮಲ್ ಆಕ್ಸಿಡೆಂಟ್ಸ್’ ಗ್ರಂಥದಲ್ಲಿ, ಬಿಗಿಯಾಗಿ ಹೆಣೆದುಕೊಂಡ ಜಟಿಲ ವ್ಯವಸ್ಥೆಗಳಿಗೆ ಮತ್ತಷ್ಟು ರಕ್ಷಣೆಗಳನ್ನು ಸೇರಿಸುವುದರಿಂದಲೇ ಹೊಸ ಅಪಾಯಗಳು ಹುಟ್ಟಬಹುದೆಂದು ತೋರಿಸಿದನು. ಸ್ಕಾಟ್ ಸೇಗನ್ ೨೦೦೪ರಲ್ಲಿ ಇದನ್ನು ಅಣುಸ್ಥಾವರಗಳ ಕಾವಲಿಗೆ ಅನ್ವಯಿಸಿ ಮೂರು ಕಾರಣಗಳನ್ನು ಗುರುತಿಸಿದನು: ಸಮಾನಕಾರಣದ ವೈಫಲ್ಯ, ಇನ್ನೊಬ್ಬ ನೋಡಿಕೊಂಡಾನೆಂಬ ಉದಾಸೀನ, ರಕ್ಷಣೆಯಿದೆಯೆಂಬ ಧೈರ್ಯದಿಂದ ಭಾರವನ್ನು ಹೆಚ್ಚಿಸುವ ಪ್ರವೃತ್ತಿ. ನಾವು ಮೇಲೆ ಕಂಡ ಎಕ್ಸ್‌ಟೆನ್ಶನ್ ಬೋರ್ಡು, ಥಾಮಸ್ ಸ್ಟ್ರೀಟು, ಕೂಡಿಕೆಯ ಕ್ರಮ, ಈ ಮೂರೂ ಅವನ ಮೂರು ಕಾರಣಗಳಿಗೆ ಹೆಚ್ಚುಕಡಮೆ ಒಂದೊಂದಾಗಿ ಹೊಂದುತ್ತವೆ. ಆದರೂ ಇವರ ನಿರಾಶೆಯನ್ನು ಪೂರ್ತಿಯಾಗಿ ಒಪ್ಪಲು ನಮಗೆ ಮನಸ್ಸಿಲ್ಲ. ಕೆಟ್ಟ ಜೋಡಿಯ ಉದಾಹರಣೆಗಳಿಂದ ಜೋಡಿಯೇ ಕೆಟ್ಟದ್ದೆಂದು ಸಾಧಿಸಿದಂತಾಗುವುದಿಲ್ಲ. ಕೂಟಶಾಸನಗಳು ಸಿಕ್ಕವೆಂದು ತಾಮ್ರಪಟಗಳನ್ನೆಲ್ಲ ನಾವು ಕರಗಿಸಿಲ್ಲವಷ್ಟೆ.

ಪೂರ್ಣ ಸ್ವಾತಂತ್ರ್ಯ ಎಲ್ಲಿಯೂ ದೊರೆಯದು, ಮೂಲವನ್ನು ಹುಡುಕುತ್ತ ಹೋದರೆ ಎಲ್ಲ ತಂತಿಗಳೂ ಕೊನೆಗೆ ಒಂದೆಡೆ ಕೂಡಿಯೇ ತೀರುತ್ತವೆ, ಎಂಬ ಆಕ್ಷೇಪಣೆ ಬರಬಹುದು. ಇದರಲ್ಲಿ ಬಹಳ ಸತ್ಯವಿದೆ. ೩೦ ಜುಲೈ ೨೦೧೨ರಂದು ಉತ್ತರದ ವಿದ್ಯುಜ್ಜಾಲ ಕುಸಿಯಿತು. ಮರುದಿನ ಉತ್ತರ, ಪೂರ್ವ, ಈಶಾನ್ಯ ಈ ಮೂರೂ ಕುಸಿದು ಸುಮಾರು ೬೦ ಕೋಟಿ ಜನರಿರುವ ಪ್ರದೇಶ ಕತ್ತಲಾಯಿತು. ಕರ್ನಾಟಕಕ್ಕೆ ಆ ಕತ್ತಲೆ ತಟ್ಟಲಿಲ್ಲ. ದಕ್ಷಿಣದ ಜ���ಲ ಆಗ ಉಳಿದ ಜಾಲಗಳೊಡನೆ ಏಕತಾಳದಲ್ಲಿ ಬೆಸೆದುಕೊಂಡಿರದೆ, ಏಕಮುಖ ವಿದ್ಯುತ್ಪ್ರವಾಹದ ಕೊಂಡಿಗಳಿಂದ ಮಾತ್ರ ಸೇರಿಕೊಂಡಿತ್ತು. ೩೧ ಡಿಸೆಂಬರ್ ೨೦೧೩ರಂದು ರಾಯಚೂರು–ಸೊಲ್ಲಾಪುರ ೭೬೫ ಕಿಲೋವೋಲ್ಟ್ ಮಾರ್ಗದಿಂದ ದಕ್ಷಿಣವೂ ಉಳಿದ ಭಾರತದೊಡನೆ ಏಕತಾಳಕ್ಕೆ ಬಂದಿತು. ಕೊರತೆಯ ದಿನಗಳಲ್ಲಿ ಉತ್ತರದ ಮಿಗತೆಯನ್ನು ತರಿಸಿಕೊಳ್ಳುವುದು ಇದರಿಂದ ಸುಲಭವಾಯಿತು. ಅದರೊಡನೆ ಹಳೆಯ ಪ್ರತ್ಯೇಕತೆಯ ಆಶ್ರಯ ಹೋಯಿತು. ಇದು ತಪ್ಪು ನಿರ್ಧಾರವಾಗಿತ್ತೆಂದು ನಾವು ಹೇಳುವುದಿಲ್ಲ. ಕೂಡುವುದರ ಲಾಭವೂ ಬೇರೆಯಿರುವುದರ ಲಾಭವೂ ಒಂದೇ ತಕ್ಕಡಿಯ ಎರಡು ತಟ್ಟೆಗಳೆಂದು ತಿಳಿದು, ಬಹಿರಂಗವಾಗಿ ಮಾಡಿದ ನಿರ್ಧಾರ ಅದು. ಅದರ ದಿನಾಂಕ ನಮಗೆ ಗೊತ್ತಿದೆ. ಚಾಸಿಸ್ಸಿನ ಒಳಗೆ ಒಂದು ಸಾಲಿನ ಆಜ್ಞೆಯಿಂದ ಆದ ನಿರ್ಧಾರಕ್ಕೆ ದಿನಾಂಕವೂ ಇಲ್ಲ, ಸಹಿಯೂ ಇಲ್ಲ. ಪೂರ್ಣ ಸ್ವಾತಂತ್ರ್ಯವನ್ನು ನಾವು ಕೇಳುತ್ತಿಲ್ಲ. ಎರಡು ಧಾರೆಗಳು ಎಲ್ಲಿ ಕೂಡುತ್ತವೆಂಬುದನ್ನು ಬರೆದಿಡಬೇಕೆಂದು ಕೇಳುತ್ತಿದ್ದೇವೆ.

ಈ ಬೇಡಿಕೆಗೆ ತೂಕ ಬರುವುದು ಹಿಂದಿನ ದಾರಿಗಳು ಮುಚ್ಚಿರುವುದರಿಂದ. ನಮ್ಮ ರಾಜ್ಯದ ‘ಭೂಮಿ’ ಯೋಜನೆಯು ೨೦೦೦ದ ಆಸುಪಾಸಿನಲ್ಲಿ ಸುಮಾರು ೬೭ ಲಕ್ಷ ರೈತರ ೨ ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿತು. ತಾಲೂಕು ತಾಲೂಕಾಗಿ ಕೈಬರಹದ ಪಹಣಿಗೆ ಮಾನ್ಯತೆ ನಿಂತಿತು. ಗ್ರಾಮಲೆಕ್ಕಿಗನ ಮರ್ಜಿಯಿಂದ ರೈತನು ಪಾರಾದನೆಂಬುದು ಸಣ್ಣ ಲಾಭವಲ್ಲ. ಹಳೆಯ ದಫ್ತರಗಳನ್ನು ಓದಿದವರಿಗೆ ಆ ಮರ್ಜಿಯ ಬೆಲೆ ಏನಿತ್ತೆಂಬುದು ತಿಳಿದಿದೆ. ಆದರೆ ಕಾಗದ, ಮಸಿ, ಬೇರೊಂದು ಕಟ್ಟಡ, ಬೇರೊಬ್ಬ ಮನುಷ್ಯ ಎಂಬ ಸ್ವತಂತ್ರ ಧಾರೆಯೂ ಅದರೊಡನೆ ಬತ್ತಿತು. ಆ ಕಾಗದ ನಿಘಂಟಿನ ಅರ್ಥದಲ್ಲಿ ‘ಅನಗತ್ಯ’ವೆನಿಸಿದ ಕಾಲದಲ್ಲಿಯೇ ಯಂತ್ರಶಾಸ್ತ್ರದ ಅರ್ಥದಲ್ಲಿ ಅದರ ಅಗತ್ಯ ಹೆಚ್ಚಿತ್ತು. ಜಾಂಬೋಟಿಯ ಕೃಷಿಕನೊಬ್ಬನು ಸಾಲದ ಗಡುವಿನ ದಿನ ಪಹಣಿಗೆಂದು ಬಂದಾಗ ಜಾಲ ಸತ್ತಿದ್ದರೆ, ಅವನಿಗೆ ಇನ್ನೊಂದು ಬಾಗಿಲಿಲ್ಲ.

ಆಗಸ್ಟ್ ೨೦೨೩ರಲ್ಲಿ ಕೇಂದ್ರ ಸರಕಾರವು ಭಾರತ್‌ನೆಟ್ಟಿನ ತಿದ್ದುಪಡಿಯಾದ ಯೋಜನೆಗೆ ಸುಮಾರು ೧.೩೯ ಲಕ್ಷ ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. ಇದರಲ್ಲಿ ಸರಳರೇಖೆಯ ಬದಲು ಬಳೆಯಾಕಾರದ ಜೋಡಣೆಯನ್ನು ಸ್ವೀಕರಿಸಿದ್ದಾರೆ. ತಂತು ಒಂದು ಕಡೆ ತುಂಡಾದರೆ ಇನ್ನೊಂದು ಕಡೆಯಿಂದ ಸುತ್ತಿ ಬರಬಹುದು. ಮೇಲಿನ ವಿಮರ್ಶೆಯ ಒಂದು ಭಾಗಕ್ಕೆ ಇದು ಉತ್ತರವೆಂದು ಸಂತೋಷದಿಂದ ಒಪ್ಪಬೇಕು. ಉಳಿದ ಪ್ರಶ್ನೆಗಳು ನೆಲಕ್ಕೆ ಸಂಬಂಧಿಸಿದವು. ಬಳೆಯ ಎರಡು ಅರ್ಧಗಳು ಒಂದೇ ರಸ್ತೆಯ ಬದಿಯ ಒಂದೇ ತೋಡಿನಲ್ಲಿ ಹೋಗುತ್ತವೆಯೆ? ಬಳೆಯ ಮೇಲಿನ ಅಕ್ಕಪಕ್ಕದ ಎರಡು ಊರುಗಳ ಯಂತ್ರಗಳು ಒಂದೇ ವಿದ್ಯುತ್ ಫೀಡರಿನಿಂದ ಉಣ್ಣುತ್ತವೆಯೆ? ಹಾಗಿದ್ದರೆ ಮರ ಬಿದ್ದ ದಿನ ಬಳೆ ಎರಡು ಕಡೆ ಒಡೆಯುತ್ತದೆ, ನಡುವಿನ ಊರಿಗೆ ಅದು ಬಳೆಯೇ ಅಲ್ಲ. ಜಾಂಬೋಟಿಗೆ ಈ ವಿಷಯದಲ್ಲಿ ಭೂಗೋಳ ಅನುಕೂಲವಾಗಿದೆ. ಖಾನಾಪುರದ ಕಡೆಯಿಂದ ಒಂದು ದಾರಿ, ಬೆಳಗಾವಿಯ ಕಡೆಯಿಂದ ಇನ್ನೊಂದು ದಾರಿ ಅದನ್ನು ಬಂದು ಸೇರುತ್ತವೆ, ಒಂದೊಂದರಲ್ಲಿ ಒಂದೊಂದು ಎಳೆಯನ್ನು ತರಬಹುದು. ಪಶ್ಚಿಮಕ್ಕೆ ಕಣಕುಂಬಿಗೆ ಹೋದಂತೆ ಆ ಅನುಕೂಲ ತೀರುತ್ತದೆ. ಅಲ್ಲಿಂದ ಮುಂದಿನ ಹೆದ್ದಾರಿ ಚೋರ್ಲಾ ಘಟ್ಟವನ್ನಿಳಿದು ಗೋವೆಯ ಸತ್ತರಿ ತಾಲೂಕಿಗೆ ಹೋಗುತ್ತದೆ. ಕಣಕುಂಬಿಯ ಬಳೆಯನ್ನು ಬೇರೆ ದಾರಿಯಿಂದ ಕೂಡಿಸಬೇಕಾದರೆ ತಂತುವು ರಾಜ್ಯದ ಗಡಿಯನ್ನು ದಾಟಬೇಕಾಗುತ್ತದೆ.